ಅಡಿಕೆ ದರ ನೋಡೋಕೆ ಪ್ರಾಕ್ಸಿ ಬೇಕೆ?

ಪ್ರಶ್ನೆ: ಹಾಲುರಾಮೇಶ್ವರದ ಹತ್ತಿರ ನಮ್ಮದು ಅಡಿಕೆ, ತೆಂಗಿನ ತೋಟ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಒಂದು ಪ್ರೋಗ್ರಾಂ ಬರೆದಿದ್ದ. ದಿನಾ ವೆಬ್‌ಸೈಟುಗಳಿಂದ ಅಡಿಕೆ, ಕೊಬ್ಬರಿ ದರ ತಾನಾಗೇ ತೆಗೆದು ನನ್ನ ವಾಟ್ಸಾಪಿಗೆ ಕಳಿಸುತ್ತಿತ್ತು. ಹದಿನೈದು ದಿನ ಬಂತು, ಆಮೇಲೆ ನಿಂತಿತು. ‘403 ಅಂತ ಬರ್ತಿದೆ ಮಾವ, ಪ್ರಾಕ್ಸಿ ಹಾಕ್ಬೇಕು’ ಅನ್ನುತ್ತಾನೆ. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಸಾಕ್ಸ್4, ಸಾಕ್ಸ್5 ಅಂತ ನಾಲ್ಕು ತರ ಇವೆಯಂತೆ, ತಿಂಗಳ ಬಾಡಿಗೆಯಂತೆ. ದುಡ್ಡು ಕೊಡುವವನು ನಾನು. ಯಾವುದು ತಗೋಬೇಕು? ಅಂದಹಾಗೆ, ಇದು ಕಳ್ಳತನ ಅಲ್ಲ ತಾನೆ?

ಉತ್ತರ: ದುಡ್ಡು ಇನ್ನೂ ಕೊಟ್ಟಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ಕೊಡಬೇಡಿ. ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ನಾಲ್ಕು ತರದ ವಿಚಾರ, ಅದು ತಿಳಿದರೆ ಅಳಿಯನ ಮುಂದೆ ಮಾತಾಡಲು ನಿಮಗೂ ಒಂದು ಹಿಡಿತ ಸಿಗುತ್ತದೆ.

ನೀವು ಮೊಬೈಲಿನಲ್ಲಿ ಒಂದು ಪುಟ ತೆರೆದಾಗ ಆ ಕಡೆಯ ಸರ್ವರಿಗೆ ನಿಮ್ಮ ಐಪಿ ವಿಳಾಸ ಕಾಣುತ್ತದೆ. ಉತ್ತರ ವಾಪಸ್ಸು ಕಳಿಸಲು ಅದು ಬೇಕೇ ಬೇಕು. ನಡುವೆ ಇನ್ನೊಂದು ಕಂಪ್ಯೂಟರನ್ನು ನಿಲ್ಲಿಸಿ, ‘ನನ್ನ ಬದಲು ನೀನು ಹೋಗಿ ಕೇಳು’ ಅಂದರೆ ಅದೇ ಪ್ರಾಕ್ಸಿ. ಇದು ಹೊಸ ವಿದ್ಯೆಯೇನಲ್ಲ. ಹೊಸದುರ್ಗಕ್ಕೆ ಹೊರಟ ಪಕ್ಕದ ಮನೆಯವರ ಕೈಗೆ ಚೀಟಿ ಕೊಟ್ಟು ಸಾಮಾನು ತರಿಸಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಅಂಗಡಿಯವನಿಗೆ ಕಾಣುವುದು ಪಕ್ಕದ ಮನೆಯವರ ಮುಖ. ಬೆಲ್ಲ ತಿನ್ನುವವರು ನೀವು.

ಹಳೆಯ ಎಚ್‌ಟಿಟಿಪಿ ಪ್ರಾಕ್ಸಿ ಈ ತೆರೆದ ಚೀಟಿ. ಒಯ್ಯುವವನು ಚೀಟಿ ಓದುತ್ತಾನೆ, ಓದಿದರೆ ತಾನೆ ತರುವುದು? ಜಿನೀವಾದ ಸರ್ನ್ ಸಂಸ್ಥೆಯಲ್ಲಿ ವೆಬ್ ಹುಟ್ಟಿದ ಕೆಲವೇ ವರ್ಷಗಳಲ್ಲಿ, 1994ರ ಹೊತ್ತಿಗೆ, ಅಲ್ಲಿನ ಸರ್ವರ್ ತಂತ್ರಾಂಶಕ್ಕೇ ಈ ಸವಲತ್ತು ಸೇರಿಸಿದ್ದರು. ಒಳಗಿನ ಕಂಪ್ಯೂಟರುಗಳನ್ನು ಹೊರಜಗತ್ತಿಗೆ ನೇರವಾಗಿ ಬಿಡದೆ ಒಂದೇ ಬಾಗಿಲಿನಿಂದ ದಾಟಿಸುವುದು ಒಂದು ಉದ್ದೇಶ. ಒಬ್ಬರು ತರಿಸಿದ ಪುಟವನ್ನು ಇಟ್ಟುಕೊಂಡು, ಇನ್ನೊಬ್ಬರು ಕೇಳಿದಾಗ ಅಲ್ಲಿಂದಲೇ ಕೊಡುವುದು ಮತ್ತೊಂದು. 1996ರಲ್ಲಿ ಬಂದ ಸ್ಕ್ವಿಡ್ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಹೆಸರಾಯಿತು. ಅದರ ಬಾಗಿಲಿನ ನಂಬರು 3128 ಎಂಬುದು ಆ ಕಾಲದ ಸಿಸ್ಟಂ ಅಡ್ಮಿನ್‌ಗಳಿಗೆ ಮನೆಯ ಫೋನ್ ನಂಬರಿನಷ್ಟು ಬಾಯಿಪಾಠ.

ಆಗ ಬೆಂಗಳೂರಿನ ಒಂದು ಆಫೀಸಿನಲ್ಲಿದ್ದೆ. ಅಲ್ಲಿನ ಪ್ರಾಕ್ಸಿ ನಿನ್ನೆಯ ಪುಟವನ್ನು ಇವತ್ತು ಬಡಿಸುವುದರಲ್ಲಿ ಎತ್ತಿದ ಕೈ. 2001ರ ಮಾರ್ಚ್ 14, ಕೋಲ್ಕತ್ತಾ ಟೆಸ್ಟಿನ ನಾಲ್ಕನೇ ದಿನ. ಬೆಳಿಗ್ಗೆ ನೋಡಿದಾಗ ಭಾರತದ್ದು 4 ವಿಕೆಟ್. ಮಧ್ಯಾಹ್ನ ನೋಡಿದಾಗಲೂ 4. ಟೀ ಹೊತ್ತಿಗೂ 4. ‘ಹಾಳಾದ ಪ್ರಾಕ್ಸಿ, ಮತ್ತೆ ಹಳೇ ಪುಟಾನೇ ಕೊಡ್ತಿದೆ’ ಎಂದು ಎಲ್ಲರೂ ಬೈದೆವು. ರನ್ನು ಮಾತ್ರ ಏರುತ್ತಿದೆಯಲ್ಲ ಎಂದು ಒಬ್ಬ ತೋರಿಸಿದ ಮೇಲೇ ಬುದ್ಧಿ ಬಂದದ್ದು. ಲಕ್ಷ್ಮಣ್ ಮತ್ತು ನಮ್ಮ ದ್ರಾವಿಡ್ ಆ ದಿನವಿಡೀ ಔಟೇ ಆಗಲಿಲ್ಲ. ಸಂಜೆಗೆ 4 ವಿಕೆಟ್‌ಗೆ 589. ಪ್ರಾಕ್ಸಿ ಆ ಒಂದು ದಿನ ಸತ್ಯವನ್ನೇ ಹೇಳಿತ್ತು. ನಿಮ್ಮ ವಿಷಯಕ್ಕೆ ಇದನ್ನು ಯಾಕೆ ಹೇಳಿದೆನೆಂದರೆ, ದರ ನೋಡುವವರು ನಡುವೆ ಇಂಥ ಪ್ರಾಕ್ಸಿ ಇಟ್ಟುಕೊಂಡರೆ ನಿನ್ನೆಯ ರಾಶಿ ಅಡಿಕೆ ದರ ಇವತ್ತಿನದೆಂದು ಬಂದು ಕೂರಬಹುದು. ಬಂದ ದರದ ಜೊತೆ ತಾರೀಕು ಬಂದಿದೆಯೇ ಎಂದು ನೋಡುವುದನ್ನು ಪ್ರೋಗ್ರಾಮಿಗೆ ಕಲಿಸಿ.

ಈಗ ಎರಡನೆಯದು. ಬ್ಯಾಂಕು, ಪಹಣಿ, ಪಾಸ್‌ವರ್ಡು ಎಲ್ಲ ವೆಬ್ಬಿಗೆ ಬಂದ ಮೇಲೆ ತೆರೆದ ಚೀಟಿ ಸಾಲದಾಯಿತು. ಮೊಹರು ಹಾಕಿದ ಲಕೋಟೆ ಬಂತು. ಬ್ರೌಸರ್ ಪ್ರಾಕ್ಸಿಗೆ ‘ಕನೆಕ್ಟ್’ ಎಂಬ ಒಂದು ಮಾತು ಹೇಳುತ್ತದೆ. ಇಂಥ ತಾಣದವರೆಗೆ ಒಂದು ದಾರಿ ತೆರೆದುಕೊಡು, ಒಳಗೆ ಏನಿದೆ ಎಂದು ಕೇಳಬೇಡ ಎಂದು ಅದರ ಅರ್ಥ. ಪ್ರಾಕ್ಸಿಗೆ ಯಾವ ಅಂಗಡಿಗೆ ಹೋದಿರಿ ಎಂಬುದು ಗೊತ್ತಾಗುತ್ತದೆ, ಏನು ಕೊಂಡಿರಿ ಎಂಬುದು ಗೊತ್ತಾಗುವುದಿಲ್ಲ. ಮಾರುವವರು ‘ಎಚ್‌ಟಿಟಿಪಿಎಸ್ ಪ್ರಾಕ್ಸಿ’ ಎಂದು ಪಟ್ಟಿಯಲ್ಲಿ ಹಾಕಿರುವುದು ಬಹಳ ಸಲ ಇದೇ ಎಚ್‌ಟಿಟಿಪಿ ಪ್ರಾಕ್ಸಿಯನ್ನು. ಆ ಹೆಸರಿಗೆ ಇನ್ನೊಂದು ಅರ್ಥವೂ ಉಂಟು. ನಿಮ್ಮಿಂದ ಪ್ರಾಕ್ಸಿಯವರೆಗಿನ ದಾರಿಗೂ ಮೊಹರು ಬೀಳುವುದು. ಹಾಗಿದ್ದರೆ ನಡುವಿನ ವೈಫೈ ಒಡೆಯನಿಗೆ ನೀವು ಹೋದ ತಾಣದ ಹೆಸರೂ ಸಿಗುವುದಿಲ್ಲ, ಪ್ರಾಕ್ಸಿಗೆ ಕೊಟ್ಟ ಪಾಸ್‌ವರ್ಡೂ ಸಿಗುವುದಿಲ್ಲ. ಕೊಳ್ಳುವ ಮೊದಲು ಇವೆರಡರಲ್ಲಿ ಯಾವುದು ಎಂದು ಕೇಳಬೇಕು. ಇನ್ನು ಯಾವುದೇ ಪ್ರಾಕ್ಸಿಯವರು ‘ಈ ಸರ್ಟಿಫಿಕೇಟನ್ನು ನಿಮ್ಮ ಫೋನಿನಲ್ಲಿ ಹಾಕಿಕೊಳ್ಳಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. ಮೊಹರು ಒಡೆದು ಓದಿ ಮತ್ತೆ ಅಂಟಿಸಿ ಕೊಡುತ್ತೇವೆ, ಅಪ್ಪಣೆ ಕೊಡಿ ಎಂದು ಕೇಳುವುದು ಅದು.

ಸಾಕ್ಸ್‌ಗೆ ಬಂದರೆ, ಇವನು ಚೀಟಿ ಒಯ್ಯುವ ಪಕ್ಕದ ಮನೆಯವನಲ್ಲ, ಹೊಸದುರ್ಗಕ್ಕೆ ಹೋಗುವ ಪ್ರೈವೇಟ್ ಬಸ್ಸು. ಟಾಪಿನ ಮೇಲೆ ಅಡಿಕೆ ಚೀಲ ಹಾಕಿ, ಕೋಳಿ ಬುಟ್ಟಿ ಇಡಿ, ಸೈಕಲ್ ಕಟ್ಟಿ, ಕಂಡಕ್ಟರ್ ಕೇಳುವುದು ‘ಎಲ್ಲಿಗೆ?’ ಅಂತ ಒಂದೇ ಮಾತು. ವೆಬ್ ಪುಟವೇ ಆಗಬೇಕಿಲ್ಲ, ಈಮೇಲ್, ಫೈಲು, ಚಾಟು, ಯಾವ ಸರಕಾದರೂ ಹತ್ತುತ್ತದೆ. ಅಮೆರಿಕದ ಮಿಪ್ಸ್ ಕಂಪನಿಯಲ್ಲಿದ್ದ ಡೇವಿಡ್ ಕೊಬ್ಲಾಸ್ ಇದನ್ನು ರೂಪಿಸಿ 1992ರಲ್ಲಿ ಜಗತ್ತಿನ ಮುಂದಿಟ್ಟರು. ನಾಲ್ಕನೆಯ ಆವೃತ್ತಿ ಎನ್‌ಇಸಿ ಕಂಪನಿಯ ಯಿಂಗ್-ಡಾ ಲೀ ಅವರದು. ಅದರಲ್ಲಿ ಪಾಸ್‌ವರ್ಡಿನ ವ್ಯವಸ್ಥೆ ಇರಲಿಲ್ಲ, ತಾಣದ ಹೆಸರನ್ನು ಐಪಿ ನಂಬರಾಗಿ ಬದಲಿಸುವ ಕೆಲಸ ಪ್ರಯಾಣಿಕನದೇ. 1996ರ ಮಾರ್ಚಿನಲ್ಲಿ ಆರ್‌ಎಫ್‌ಸಿ 1928 ಎಂಬ ದಾಖಲೆಯಾಗಿ ಬಂದ ಸಾಕ್ಸ್5 ಈ ಕೊರತೆಗಳನ್ನು ತುಂಬಿತು: ಪಾಸ್‌ವರ್ಡು, ಹೊಸ ಮಾದರಿಯ ಐಪಿ ವಿಳಾಸ, ವಿಡಿಯೋ ಕರೆ ಮತ್ತು ಆಟಗಳಿಗೆ ಬೇಕಾಗುವ ಯುಡಿಪಿ. ಇವತ್ತು ಸಾಕ್ಸ್4 ಕೊಳ್ಳಲು ಒಂದು ಕಾರಣವೂ ನನಗೆ ತೋರುವುದಿಲ್ಲ.

ಆದರೆ ಅಂಕಿ ದೊಡ್ಡದು ಎಂದು ಸಾಕ್ಸ್5 ಹೆಚ್ಚು ಭದ್ರ ಎಂದುಕೊಳ್ಳುವವರು ಬಹಳ. ಬಸ್ಸಿನ ಟಾಪಿಗೆ ಬೀಗವಿಲ್ಲ. ಸಾಕ್ಸ್5 ತಾನಾಗಿ ಏನನ್ನೂ ಗೂಢಲಿಪಿಗೆ ಹಾಕುವುದಿಲ್ಲ, ಅದರ ಪಾಸ್‌ವರ್ಡು ಕೂಡ ದಾರಿಯಲ್ಲಿ ಬರಿಮೈಯಲ್ಲೇ ಹೋಗುತ್ತದೆ. ಮೊಹರು ಇರಬೇಕಾದದ್ದು ನೀವು ಕಳಿಸುವ ಲಕೋಟೆಗೆ. ಇನ್ನೊಂದು ಸೂಕ್ಷ್ಮ ಇದೆ, ಅಳಿಯನಿಗೆ ಇದು ಬೇಕಾಗುತ್ತದೆ. ತಾಣದ ಹೆಸರನ್ನು ನಂಬರಾಗಿ ಬದಲಿಸುವ ವಿಚಾರಣೆಯನ್ನು ಯಾರು ಮಾಡುತ್ತಾರೆ? ಪೈಥಾನ್ ಪ್ರೋಗ್ರಾಮಿನಲ್ಲಿ ಅಥವಾ ಪುಟ ತರಿಸುವ ಕರ್ಲ್ ಎಂಬ ತಂತ್ರಾಂಶದಲ್ಲಿ ‘ಸಾಕ್ಸ್5’ ಎಂದು ಬರೆದರೆ ಆ ವಿಚಾರಣೆ ನಿಮ್ಮ ಮನೆಯಿಂದಲೇ ಹೊರಡುತ್ತದೆ, ಕದ್ದು ಹೋಗುವವನು ಊರ ಬಾಗಿಲಲ್ಲಿ ದಾರಿ ಕೇಳಿದ ಹಾಗೆ. ಕೊನೆಗೆ ಒಂದು ‘ಎಚ್’ ಸೇರಿಸಿ ‘ಸಾಕ್ಸ್5ಎಚ್’ ಎಂದು ಬರೆದರೆ ಪ್ರಾಕ್ಸಿಯೇ ಆ ಕೆಲಸವನ್ನೂ ಮಾಡುತ್ತದೆ. ಒಂದಕ್ಷರದ ವ್ಯತ್ಯಾಸ. ಇನ್ನು ಕ್ರೋಮ್ ಬ್ರೌಸರು ಪಾಸ್‌ವರ್ಡ್ ಬೇಡುವ ಸಾಕ್ಸ್5 ಪ್ರಾಕ್ಸಿಯ ಜೊತೆ ನೇರವಾಗಿ ಹೊಂದಿಕೊಳ್ಳುವುದಿಲ್ಲ. ಇದು ತಿಳಿಯದೆ ದುಡ್ಡು ಕಟ್ಟಿ ತಲೆ ಚಚ್ಚಿಕೊಂಡವರಲ್ಲಿ ನಾನೂ ಒಬ್ಬ.

ಹಾಗಾದರೆ ದರ ತೆಗೆಯಲು ಯಾವುದು? ಪುಟ ತರಿಸುವುದಷ್ಟೇ ಕೆಲಸವಾದರೆ ಎಚ್‌ಟಿಟಿಪಿ ಪ್ರಾಕ್ಸಿ ಧಾರಾಳವಾಗಿ ಸಾಕು. ವೇಗದಲ್ಲಿ ಎದ್ದು ಕಾಣುವ ವ್ಯತ್ಯಾಸವಿಲ್ಲ, ವೇಗ ಇರುವುದು ನಡುವಿನ ಕಂಪ್ಯೂಟರು ಎಷ್ಟು ದೂರ, ಎಷ್ಟು ಜನ ಅದಕ್ಕೆ ಜೋತುಬಿದ್ದಿದ್ದಾರೆ ಎಂಬುದರ ಮೇಲೆ. ಆದರೆ ನಿಮ್ಮ ಅಳಿಯನ ತೊಂದರೆ ಈ ನಾಲ್ಕರಲ್ಲಿ ಯಾವುದನ್ನು ಆರಿಸಿದರೂ ತೀರುವ ಜಾತಿಯದಲ್ಲ.

403 ಎಂದರೆ ಸರ್ವರ್ ‘ನೀನು ಕೇಳಿದ್ದು ತಿಳಿಯಿತು, ಕೊಡುವುದಿಲ್ಲ’ ಅಂದ ಹಾಗೆ. ಯಾಕೆ ಎಂದು ಅದು ಹೇಳುವುದಿಲ್ಲ, ನಾವು ಹುಡುಕಬೇಕು. ನಾನು ಮೊದಲು ಕೇಳುವ ಪ್ರಶ್ನೆ: ಪ್ರೋಗ್ರಾಂ ಎಲ್ಲಿಂದ ಓಡುತ್ತಿದೆ? ಹುಡುಗರು ಪುಕ್ಕಟೆ ಸಿಗುವ ಕ್ಲೌಡ್ ಕಂಪ್ಯೂಟರಿನಲ್ಲಿ ಇಂಥವನ್ನು ಇಡುತ್ತಾರೆ. ಅದು ಇರುವುದು ಅಮೆರಿಕದಲ್ಲೋ ಸಿಂಗಪುರದಲ್ಲೋ. ನಮ್ಮ ಕೆಲವು ಸರ್ಕಾರಿ ತಾಣಗಳು ದೇಶದ ಹೊರಗಿನ ವಿಳಾಸಗಳಿಗೆ ಬಾಗಿಲು ತೆರೆಯುವುದಿಲ್ಲ. ಡಲ್ಲಾಸಿನಲ್ಲಿರುವ ಮಗ ಊರಿನ ಪಹಣಿ ನೋಡಲು ಹೋಗಿ ಬಿಳಿ ಪುಟ ನೋಡಿಕೊಂಡು ಕೂರುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಹಾಗಿದ್ದರೆ ಪರಿಹಾರ ಸುಲಭ, ಪ್ರೋಗ್ರಾಮನ್ನು ಹಾಸ್ಟೆಲಿನ ಲ್ಯಾಪ್‌ಟಾಪಿನಿಂದಲೇ ಓಡಿಸಲಿ. (ಡಲ್ಲಾಸಿನ ಮಗನಿಗಾದರೆ, ಊರಲ್ಲಿರುವ ಚಿಕ್ಕಪ್ಪನಿಗೆ ಫೋನು ಮಾಡಿ ನಾಡಕಚೇರಿಯಿಂದ ಪಹಣಿ ತೆಗೆಸಿ ಫೋಟೋ ಕಳಿಸಲು ಹೇಳುವುದೇ ವಾಸಿ. ಗುರುತಿಲ್ಲದವರ ಪ್ರಾಕ್ಸಿಯಲ್ಲಿ ಆಧಾರ್ ಒಟಿಪಿ ಹಾಕುವುದಕ್ಕಿಂತ ಚಿಕ್ಕಪ್ಪ ನಂಬಿಕಸ್ಥ.)

ಎರಡನೆಯ ಪ್ರಶ್ನೆ: ಎಷ್ಟು ಸಲ ಕೇಳುತ್ತಿದೆ? ನಿಮ್ಮ ಹಾಲುರಾಮೇಶ್ವರದ ಗಂಗೆಯ ಕೊಳದ ಮುಂದೆ ಕೂತವರನ್ನು ನೀವು ನೋಡಿಯೇ ಇರುತ್ತೀರಿ. ಮನಸ್ಸಿನಲ್ಲಿ ಬೇಡಿಕೊಂಡು, ನೀರಿನಿಂದ ಬಾಳೆಹಣ್ಣೋ ಕಾಯಿಯೋ ತೇಲಿ ಬರುವವರೆಗೆ ಸುಮ್ಮನೆ ಕಾಯುತ್ತಾರೆ. ಬಂದದ್ದೇ ಉತ್ತರ ಎಂದು ಅವರ ನಂಬಿಕೆ. ಹೊಸದಾಗಿ ಬರೆದ ಪ್ರೋಗ್ರಾಮಿಗೆ ಆ ತಾಳ್ಮೆ ಇರುವುದಿಲ್ಲ. ಉತ್ತರ ಒಂದು ಕ್ಷಣ ತಡವಾದರೆ ಮತ್ತೆ ಕೇಳುತ್ತದೆ, ಮತ್ತೆ ಕೇಳುತ್ತದೆ, ರಾತ್ರಿಯೆಲ್ಲ ಕೇಳುತ್ತದೆ. ಬೆಳಗಿನ ಹೊತ್ತಿಗೆ ಸಾವಿರಾರು ಸಲ ಬಾಗಿಲು ಬಡಿದಿರುತ್ತದೆ. ಸಭ್ಯ ಸರ್ವರಾದರೆ 429 ಎಂಬ ನಂಬರು ಕಳಿಸಿ ‘ಜಾಸ್ತಿ ಸಲ ಕೇಳುತ್ತಿದ್ದೀಯ’ ಎಂದು ಎಚ್ಚರಿಸುತ್ತದೆ, ಮುಂಗೋಪಿಯಾದರೆ ನೇರ 403. ಚಿತ್ರದುರ್ಗ ಮಾರುಕಟ್ಟೆಯ ಅಪಿ, ಬೆಟ್ಟೆ, ಕೆಂಪುಗೋಟು, ರಾಶಿ, ಜೊತೆಗೆ ತಿಪಟೂರಿನ ಕೊಬ್ಬರಿ, ಇವುಗಳ ದರ ಆ ಪುಟಗಳಿಗೆ ಏರುವುದು ಹೆಚ್ಚೆಂದರೆ ದಿನಕ್ಕೊಮ್ಮೆ. ನಿಮಿಷಕ್ಕೊಮ್ಮೆ ಕೇಳಿದರೆ ನಿಮಿಷಕ್ಕೊಂದು ದರ ಹುಟ್ಟುವುದಿಲ್ಲ.

ಹೀಗೆ ಪುಟಗಳಿಂದ ಮಾಹಿತಿ ತೆಗೆಯುವುದಕ್ಕೆ ಸ್ಕ್ರೇಪಿಂಗ್ ಎನ್ನುತ್ತಾರೆ. ಆ ಮಾತಿಗೆ ಕನ್ನಡದಲ್ಲಿ ನನಗೆ ಹೊಳೆಯುವುದು ಕಾಯಿ ತುರಿಯುವುದು. ಹದವಾಗಿ ತುರಿದರೆ ಬಿಳಿ ತುರಿ ಬರುತ್ತದೆ. ಇನ್ನೂ ಬರಲಿ ಎಂದು ಒತ್ತಿದರೆ ಕರಟದ ಕಪ್ಪು ಬಂದು ಚಟ್ನಿಯೇ ಕೆಡುತ್ತದೆ.

ಮೂರನೆಯದು, ಪ್ರೋಗ್ರಾಂ ತನ್ನ ಹೆಸರು ಏನೆಂದು ಹೇಳಿಕೊಳ್ಳುತ್ತಿದೆ? ಏನೂ ಬದಲಿಸದಿದ್ದರೆ ಅದು ‘ನಾನು ಪೈಥಾನ್’ ಎಂದು ಎಲ್ಲ ಕಡೆ ಸಾರುತ್ತ ಹೋಗುತ್ತದೆ, ಕೆಲವು ತಾಣಗಳು ಆ ಹೆಸರು ಕೇಳಿದರೇ ಬಾಗಿಲು ಹಾಕುತ್ತವೆ. ಕ್ರೋಮ್ ಎಂದು ಸುಳ್ಳು ಹೇಳಿಸುವುದು ಹುಡುಗರ ರೂಢಿ. ನಾನಾದರೆ ‘ಅಡಿಕೆ ದರ ನೋಡುವ ಪ್ರೋಗ್ರಾಂ, ತೊಂದರೆಯಾದರೆ ಈ ಈಮೇಲಿಗೆ ಬರೆಯಿರಿ’ ಎಂದು ಹಾಕುತ್ತೇನೆ. ನಾಲ್ಕನೆಯದು ಅವನ ತಪ್ಪೇ ಅಲ್ಲದಿರಬಹುದು. ಮೊಬೈಲ್ ಕಂಪನಿಗಳ ಬಳಿ ಹಳೆಯ ಮಾದರಿಯ ಐಪಿ ವಿಳಾಸಗಳು ಸಾಲವು, ಹಾಗಾಗಿ ಎಷ್ಟೋ ಫೋನುಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಒಂದರ್ಥದಲ್ಲಿ ನೀವು ಕೇಳದೆಯೇ ಒಂದು ನಡುವಿನವ ಈಗಾಗಲೇ ಇದ್ದಾನೆ. ಅದೇ ವಿಳಾಸದಲ್ಲಿ ಇನ್ಯಾರೋ ಮಾಡಿದ ಪುಂಡಾಟಕ್ಕೆ ನಿಮ್ಮ ಅಳಿಯನಿಗೆ ಬಾಗಿಲು ಮುಚ್ಚಿರಬಹುದು. ಒಂದೆರಡು ದಿನ ಬಿಟ್ಟು, ಬೇರೆ ಸಂಪರ್ಕದಿಂದ ನೋಡಿದರೆ ಗೊತ್ತಾಗುತ್ತದೆ.

ಇಷ್ಟು ಹೇಳಿದ ಮೇಲೆ, ಬಾಗಿಲು ಬಡಿಯುವ ಅಗತ್ಯವೇ ಇಲ್ಲ ಎಂಬ ಮಾತಿಗೆ ಬರುತ್ತೇನೆ. ದೇಶದ ಮಾರುಕಟ್ಟೆಗಳ ದರಗಳನ್ನು ಅಗ್‌ಮಾರ್ಕ್‌ನೆಟ್ ಜಾಲ 2000ದಿಂದ ಸೇರಿಸುತ್ತಾ ಬಂದಿದೆ. ನಮ್ಮ ರಾಜ್ಯದ ಕೃಷಿ ಮಾರಾಟ ಮಂಡಳಿಯ ಕೃಷಿ ಮಾರಾಟ ವಾಹಿನಿ ತಾಣದಲ್ಲಿ ಕನ್ನಡದಲ್ಲೇ ದರಪಟ್ಟಿ ಸಿಗುತ್ತದೆ. 2012ರಲ್ಲಿ ಕೇಂದ್ರ ಸರ್ಕಾರ ಡೇಟಾ ಡಾಟ್ ಗವ್ ಡಾಟ್ ಇನ್ ಎಂಬ ತೆರೆದ ಮಾಹಿತಿಯ ತಾಣ ಮಾಡಿತು. ಅಗ್‌ಮಾರ್ಕ್‌ನೆಟ್‌ನ ದಿನದ ದರ ಅಲ್ಲಿ ಎಪಿಐ ರೂಪದಲ್ಲಿ ಇದೆ, ಅಂದರೆ ಪ್ರೋಗ್ರಾಮುಗಳು ಕೇಳಲೆಂದೇ ಮಾಡಿದ ಕಿಟಕಿ. ಹೆಸರು ನೋಂದಾಯಿಸಿದರೆ ಒಂದು ಕೀಲಿ ಕೊಡುತ್ತಾರೆ. ರಾಜ್ಯ ಕರ್ನಾಟಕ, ಸರಕು ಅಡಿಕೆ ಎಂದು ಸೋಸಿ ಕೇಳಿದರೆ ಪುಟದ ಬಣ್ಣ ಬಡಿವಾರ ಯಾವುದೂ ಇಲ್ಲದೆ ಬರೀ ಅಂಕಿ ಬರುತ್ತದೆ. ಪುಕ್ಕಟೆ. 2017ರ ಸರ್ಕಾರಿ ತೆರೆದ ಮಾಹಿತಿಯ ಪರವಾನಗಿಯ ಪ್ರಕಾರ, ಎಲ್ಲಿಂದ ತಂದಿರಿ ಎಂದು ಹೇಳಿ ಬಳಸಿಕೊಳ್ಳಲು ಅಡ್ಡಿಯೂ ಇಲ್ಲ. ಮುಂಬಾಗಿಲು ತೆರೆದಿರುವಾಗ ಹಿತ್ತಲ ಗೋಡೆ ಹಾರಲು ಏಣಿ ಬಾಡಿಗೆಗೆ ತರಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಕಳ್ಳತನವೇ ಎಂದು ಕೇಳಿದ್ದೀರಿ. ಎಲ್ಲರಿಗೂ ತೆರೆದಿಟ್ಟ ದರಪಟ್ಟಿಯನ್ನು ದಿನಕ್ಕೊಮ್ಮೆ ನೋಡಿಕೊಳ್ಳುವುದನ್ನು ನಾನಂತೂ ಕಳ್ಳತನ ಎನ್ನಲಾರೆ. ಚದುರಿದ್ದನ್ನು ಒಂದೆಡೆ ಸೇರಿಸುವುದು ಒಳ್ಳೆಯ ಕೆಲಸವೂ ಆಗಬಹುದು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಮತ್ತು ಉಸ್ಮಾನಿಯಾ ವಿಶ್ವವಿದ್ಯಾಲಯದ ಡಿಜಿಟಲ್ ಸಂಗ್ರಹದಲ್ಲಿ ಹುದುಗಿದ್ದ ಕನ್ನಡ ಪುಸ್ತಕಗಳ ವಿವರವನ್ನು ಒಟ್ಟುಮಾಡಿ, ಕನ್ನಡದಲ್ಲೇ ಹುಡುಕುವಂತೆ ಮಾಡಿದ ‘ಪುಸ್ತಕ ಸಂಚಯ’ ನಮ್ಮ ಕಣ್ಣಮುಂದೆಯೇ ಇದೆ. ಆದರೆ ಕಾನೂನು ಒಂದು ಗೆರೆ ಎಳೆದಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನಲ್ಲಿ ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರಿನಿಂದ ಮಾಹಿತಿ ನಕಲಿಸುವುದಕ್ಕೆ ಪರಿಹಾರ ತೆರಬೇಕೆಂದಿದೆ. ಅದನ್ನೇ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಒಮ್ಮೆ ಬೇಡ ಎಂದು ಬಾಗಿಲು ಹಾಕಿದ ಮೇಲೆ ಪ್ರಾಕ್ಸಿಯ ವೇಷ ಹಾಕಿಕೊಂಡು ಮತ್ತೆ ನುಗ್ಗುವುದು ನಿಮ್ಮ ಪರವಾಗಿ ವಾದಿಸುವ ಸಂಗತಿಯಲ್ಲ. ಬಹುತೇಕ ತಾಣಗಳಲ್ಲಿ ರೋಬೋಟ್ಸ್ ಎಂಬ ಹೆಸರಿನ ಒಂದು ಪುಟ್ಟ ಫೈಲು ಇರುತ್ತದೆ. ಯಂತ್ರಗಳು ಎಲ್ಲಿ ಬರಬಹುದು, ಎಲ್ಲಿ ಬರಬಾರದು ಎಂದು ಅದರಲ್ಲಿ ಬರೆದಿರುತ್ತಾರೆ. 1994ರಿಂದ ಮರ್ಯಾದೆಯ ಮೇಲೆ ನಡೆದುಬಂದ ಈ ಪದ್ಧತಿಗೆ 2022ರಲ್ಲಿ ಅಧಿಕೃತ ಮಾನಕವೂ ಆಯಿತು. ಅಳಿಯ ಮೊದಲು ಅದನ್ನು ಓದಲಿ.

ಕೊನೆಯದಾಗಿ ಆ ಬಾಡಿಗೆಯ ವಿಚಾರ. ನನಗೆ ನಿಜಕ್ಕೂ ಭಯವಿರುವುದು ಇಲ್ಲೇ. ಪ್ರಾಕ್ಸಿ ಮಾರುವವರಲ್ಲಿ ‘ರೆಸಿಡೆನ್ಷಿಯಲ್’ ಎಂಬ ದುಬಾರಿ ಸರಕು ಒಂದಿದೆ. ಹಾಗೆಂದರೆ ಮನೆಮಂದಿಯ ವಿಳಾಸಗಳು. ದೊಡ್ಡ ಕಂಪ್ಯೂಟರ್ ಕೇಂದ್ರದ ವಿಳಾಸವನ್ನು ತಾಣಗಳು ಅನುಮಾನದಿಂದ ನೋಡುತ್ತವೆ, ಯಾರದೋ ಮನೆಯ ವಿಳಾಸವನ್ನು ನಂಬುತ್ತವೆ, ಅದಕ್ಕೇ ಬೆಲೆ. ಆ ಮನೆಯವರು ಒಪ್ಪಿ ಕೊಟ್ಟಿದ್ದಾರೆಯೇ? 911 ಎಸ್5 ಎಂಬ ಜಾಲವನ್ನು ಮುರಿದಿದ್ದೇವೆ ಎಂದು 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಪ್ರಕಟಿಸಿತು. ಮಾಸ್ಕ್ ವಿಪಿಎನ್, ಡ್ಯೂ ವಿಪಿಎನ್ ಮುಂತಾದ ಪುಕ್ಕಟೆ ತಂತ್ರಾಂಶಗಳನ್ನು ಹಾಕಿಕೊಂಡ ಜನರ ವಿಂಡೋಸ್ ಕಂಪ್ಯೂಟರುಗಳು ಅವರಿಗೇ ತಿಳಿಯದ ಹಾಗೆ ಪ್ರಾಕ್ಸಿಗಳಾಗಿ ಹೋಗಿದ್ದವು. ಹೆಚ್ಚುಕಡಿಮೆ 200 ದೇಶಗಳ 1.9 ಕೋಟಿ ಐಪಿ ವಿಳಾಸಗಳು. ಅವುಗಳ ಮೂಲಕ ವಂಚನೆ, ಬೆದರಿಕೆ, ಇನ್ನೂ ಹೇಸಿಗೆಯ ಅಪರಾಧಗಳು ನಡೆದವು. ಪೊಲೀಸರು ಹುಡುಕಿಕೊಂಡು ಹೋದರೆ ಸಿಗುವ ವಿಳಾಸ ಯಾರದು? ಏನೂ ಅರಿಯದ ಮನೆಯವರದು. ನೀವು ಬಾಡಿಗೆಗೆ ತಗೊಳ್ಳುವ ವಿಳಾಸದ ಹಿಂದೆ ಅಂಥದೇ ಒಂದು ಮನೆ ಇರಬಹುದು.

ಇದರ ತಿರುವುಮುರುವೂ ಆಗಬಹುದು. ನಿಮ್ಮ ಮನೆಯ ಫೋನಿನಲ್ಲಿ ಮಕ್ಕಳು ಯಾವುದೋ ಬಂದಾದ ಆಟಕ್ಕೆಂದು ಪುಕ್ಕಟೆ ವಿಪಿಎನ್ ಹಾಕಿಕೊಂಡಿದ್ದರೆ ಇವತ್ತೇ ತೆಗೆಸಿ. ಹೊರಗಿನವರ ಚೀಟಿಗಳು ನಿಮ್ಮ ಹೆಸರಲ್ಲಿ ಪೇಟೆಗೆ ಹೋಗುತ್ತಿರಬಹುದು. ಇಂಟರ್ನೆಟ್ಟಿನಲ್ಲಿ ಪಟ್ಟಿ ಹಾಕಿ ಹಂಚುವ ಪುಕ್ಕಟೆ ಪ್ರಾಕ್ಸಿಗಳಂತೂ ಬೇಡವೇ ಬೇಡ. ಒಮ್ಮೆ ಅಂಥದೊಂದರ ಮೂಲಕ ಓದಲು ಹೋದ ಪತ್ರಿಕೆಯ ಪುಟದ ನಡುವೆ, ಆ ಪತ್ರಿಕೆಯಲ್ಲಿ ಇಲ್ಲದ ಜಾಹೀರಾತು ನನಗೆ ಸಿಕ್ಕಿದೆ. ತೆರೆದ ಚೀಟಿಯಲ್ಲಿ ಒಯ್ಯುವವನೇ ಎರಡು ಸಾಲು ಸೇರಿಸಿ ಬರೆದಿದ್ದ. ದುಡ್ಡು ಕೊಟ್ಟು ತಗೊಂಡರೂ ಗುರುತು ಅಳಿಸಿಹೋಗುತ್ತದೆ ಎಂದು ನಂಬಬೇಡಿ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಒಪ್ಪದ ಹಲವು ವಿದೇಶಿ ಕಂಪನಿಗಳು ತಮ್ಮ ಸರ್ವರುಗಳನ್ನು ಭಾರತದಿಂದ ಹೊರಗೆ ಸಾಗಿಸಿದವು.

ಅಳಿಯನಿಗೆ ಬೈಯಬೇಡಿ. ಮಾವನಿಗೆ ದಿನಾ ದರ ಕಳಿಸಬೇಕೆಂದು ಕೂತು ಪ್ರೋಗ್ರಾಂ ಬರೆದ ಹುಡುಗ ಅವನು. ಡೇಟಾ ತಾಣದ ಕೀಲಿ ತಗೊಂಡು, ಸಂಜೆ ಏಳಕ್ಕೆ ಒಂದೇ ಸಲ ಕೇಳುವ ಹಾಗೆ ಬದಲಿಸಲು ಅವನಿಗೆ ಒಂದು ಭಾನುವಾರ ಸಾಕು. ಅಷ್ಟಾದ ಮೇಲೆ ಕೊಬ್ಬರಿ, ಅಡಿಕೆ ಎರಡರ ದರವೂ ನಿಮಗೆ ಬೇಕಾದ ಮಾರುಕಟ್ಟೆಯಿಂದ ಸರಿಯಾಗಿ ಬರುತ್ತಿದೆಯೇ ಎಂದು ಒಂದು ಸಾಲು ಬರೆಯಿರಿ.